ಕೆಲಸ ಎಲ್ಲಿಗೆ ಬಂತು? – ತಂತ್ರಾಂಶ ತಂಡಗಳಲ್ಲಿ ಪಾರದರ್ಶಕತೆಯ ಲಾಭ ನಷ್ಟ

2021ರ ಆಗಸ್ಟ್ ತಿಂಗಳ 21 ಮತ್ತು 22ನೆಯ ತಾರೀಖು, ಶನಿವಾರ ಮತ್ತು ಭಾನುವಾರ, ಆದಾಯ ತೆರಿಗೆ ಇಲಾಖೆಯ ಹೊಸ ಜಾಲತಾಣವು ತೆರಿಗೆದಾರರಿಗೆ ತೆರೆಯಲಿಲ್ಲ. ಅದೇ ವರ್ಷದ ಜೂನ್ 7ರಂದು ಆರಂಭವಾಗಿದ್ದ ಆ ಜಾಲತಾಣದ ಹಿಂದೆ, 2019ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿದ್ದ ಸುಮಾರು 4,242 ಕೋಟಿ ರೂಪಾಯಿಗಳ ಯೋಜನೆಯಿತ್ತು. ರಿಟರ್ನ್ ಪರಿಶೀಲನೆಯ ಅವಧಿಯನ್ನು 63 ದಿನಗಳಿಂದ ಒಂದು ದಿನಕ್ಕೆ ಇಳಿಸುವುದು ಅದರ ಗುರಿಯಾಗಿತ್ತು. ಎರಡೂವರೆ ತಿಂಗಳು ಕಳೆದರೂ ತೊಡಕುಗಳು ನಿವಾರಣೆಯಾಗದ ಕಾರಣ, ಇನ್ಫೋಸಿಸ್ ಸಂಸ್ಥೆಯ ಮುಖ್ಯಾಧಿಕಾರಿ ಸಲೀಲ್ ಪಾರೇಖ್ ಅವರು ಮರುದಿನ ಹಣಕಾಸು ಸಚಿವರ ಮುಂದೆ ಹಾಜರಾಗಿ ವಿವರಣೆ ನೀಡಬೇಕೆಂದು ಸೂಚಿಸಿರುವುದಾಗಿ ಇಲಾಖೆಯು ಆ ಭಾನುವಾರ ಬಹಿರಂಗವಾಗಿಯೇ ಪ್ರಕಟಿಸಿತು. 23ರಂದು ನಡೆದ ಸಭೆಯಲ್ಲಿ ಸೆಪ್ಟೆಂಬರ್ 15ರ ಗಡುವು ನಿಗದಿಯಾಯಿತು. 750ಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿ ತೊಡಗಿದ್ದಾರೆ ಎಂಬ ಮಾಹಿತಿ ಹೊರಬಿದ್ದದ್ದೂ ಆ ದಿನವೇ.

ಆ ಎರಡೂವರೆ ತಿಂಗಳು ಚಿಕ್ಕಬಳ್ಳಾಪುರದ ಬಜಾರಿನಿಂದ ಮುಂಬಯಿಯ ಷೇರುಪೇಟೆಯವರೆಗೆ ತೆರಿಗೆದಾರರನ್ನು ಕಾಡಿದುದು ವಿಳಂಬವೊಂದೇ ಅಲ್ಲ. ವಿಳಂಬಕ್ಕೆ ವ್ಯಾಪಾರಿ ಹೊಂದಿಕೊಳ್ಳಬಲ್ಲ. ಲಾರಿ ಬರುವುದು ನಾಳೆ ಎಂದು ತಿಳಿದರೆ ಹಮಾಲಿಗಳನ್ನು ನಾಳೆ ಕರೆಯುತ್ತಾನೆ. ಲಾರಿ ಎಲ್ಲಿದೆಯೆಂಬುದೇ ತಿಳಿಯದಾಗ ಅವನ ಲೆಕ್ಕ ತಪ್ಪುತ್ತದೆ. ಯಾವ ನಮೂನೆ ಸಿದ್ಧವಾಗಿದೆ, ಯಾವುದು ಆಗಿಲ್ಲ, ಯಾವ ದೋಷ ತಂಡದ ಗಮನಕ್ಕೆ ಬಂದಿದೆ ಎಂಬ ಪಟ್ಟಿಯೊಂದು ದಿನವೂ ಕಣ್ಣಿಗೆ ಬೀಳುತ್ತಿದ್ದರೆ ತೆರಿಗೆದಾರರ ಅರ್ಧ ಸಿಟ್ಟು ಇಳಿಯುತ್ತಿತ್ತು. ಇದಕ್ಕೆ ಪುರಾವೆ ಅದೇ ಪ್ರಕರಣದಲ್ಲಿದೆ. ಬಡ್ಡಿ ಮತ್ತು ವಿಳಂಬ ಶುಲ್ಕವನ್ನು ತಂತ್ರಾಂಶವು ತಪ್ಪಾಗಿ ಲೆಕ್ಕಹಾಕುತ್ತಿತ್ತೆಂದೂ, ಆಗಸ್ಟ್ 1ರಂದು ಅದನ್ನು ಸರಿಪಡಿಸಲಾಗಿದೆಯೆಂದೂ, ಹೆಚ್ಚುವರಿ ಕಟ್ಟಿದ ಹಣವನ್ನು ಪರಿಶೀಲನೆಯ ವೇಳೆ ಹಿಂದಿರುಗಿಸಲಾಗುವುದೆಂದೂ ಇಲಾಖೆಯು ಆಗಸ್ಟ್ 11ರಂದು ತಿಳಿಸಿತು. ತಪ್ಪು ಒಪ್ಪಿಕೊಂಡ ಆ ಕೆಲವು ಸಾಲುಗಳಿಂದ ಆ ಒಂದು ವಿಷಯದ ಗೊಂದಲ ಬಹುಮಟ್ಟಿಗೆ ತಿಳಿಯಾಯಿತು.

ಹೀಗಿದ್ದರೂ, ತಂತ್ರಾಂಶ ತಯಾರಿಸುವ ತಂಡಗಳು ತಮ್ಮ ಕೆಲಸದ ಸ್ಥಿತಿಗತಿಯನ್ನು ತೆರೆದಿಡಲು ಏಕೆ ಹಿಂಜರಿಯುತ್ತವೆ? ಅವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅರೆಬರೆ ಕೆಲಸವನ್ನು ನೋಡಿದ ಗ್ರಾಹಕ ಅದನ್ನೇ ಪೂರ್ಣ ಕೆಲಸವೆಂದು ಭಾವಿಸಿ ಗಾಬರಿಗೊಳ್ಳುತ್ತಾನೆ. ಪ್ರತಿ ಗಂಟೆಗೊಮ್ಮೆ ವರದಿ ಬರೆಯಬೇಕಾದವನಿಗೆ ವರದಿಯಲ್ಲಿ ಬರೆಯಲು ಬೇಕಾದ ಕೆಲಸವನ್ನು ಮಾಡುವುದಕ್ಕೇ ಸಮಯವಿರುವುದಿಲ್ಲ. ಇಂದು ಹೇಳಿದ ಅಂದಾಜು ನಾಳೆ ವಚನಭಂಗವೆನಿಸಿಕೊಳ್ಳುತ್ತದೆ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಗೆ ಈ ವಾದ ಬೇಗ ಅರ್ಥವಾದೀತು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಪೊರೆ ಬಿಡುತ್ತದೆ. ರೈತರ ಮಾತಿನಲ್ಲಿ ಅದು ಜ್ವರ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ, ಎಲ್ಲಿಗೆ ಬಂತೆಂದು ಕೆದಕಿ ನೋಡುವುದಿಲ್ಲ. ಬಂದವರನ್ನೆಲ್ಲ ಹುಳು ಮನೆಯೊಳಕ್ಕೆ ಬಿಟ್ಟರೆ ರೋಗವೂ ಅವರ ಕಾಲ ಜೊತೆಯಲ್ಲೇ ಬರುತ್ತದೆ. ಆದರೆ ಹೀಗೆ ಬಾಗಿಲು ಮುಚ್ಚಿದ ರೈತನೇ, ಹಾಲು ರೋಗವೋ ಸುಣ್ಣಕಟ್ಟೋ ಕಾಣಿಸಿಕೊಂಡ ದಿನ ರೇಷ್ಮೆ ಇಲಾಖೆಯವರಲ್ಲಿಗೆ ತಾನೇ ಓಡುತ್ತಾನೆ. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಮಾರುಕಟ್ಟೆಯಲ್ಲಿ ಸುರಿದು, ರೀಲರುಗಳು ಕೈಯಲ್ಲಿ ಹಿಡಿದು, ಅಲುಗಿಸಿ, ಹಿಚುಕಿ ನೋಡಲು ಬಿಡುತ್ತಾನೆ. ಯಾವ ದಿನ ಮುಚ್ಚಬೇಕು, ಯಾರ ಮುಂದೆ ತೆರೆಯಬೇಕು ಎಂಬುದು ಅವನಿಗೆ ಗೊತ್ತು. ಕೆಲಸಕ್ಕೆ ನೆಮ್ಮದಿ ಬೇಕೆಂಬುದಕ್ಕೂ ರೋಗವನ್ನು ಬಚ್ಚಿಡುವುದಕ್ಕೂ ಬಹಳ ಅಂತರವಿದೆ. ತಂತ್ರಾಂಶ ತಂಡಗಳು ಮೊದಲನೆಯದನ್ನು ಕೇಳುತ್ತ ಅನೇಕ ಬಾರಿ ಎರಡನೆಯದನ್ನು ಮಾಡುತ್ತವೆ.

ಮಾಡುವುದಕ್ಕೆ ಕಾರಣವೂ ಇದೆ. ಅದು ವರ್ತಕರಿಗೆ ಅಪರಿಚಿತವೇನಲ್ಲ. ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಖಾತೆ ಇರುವವರು ಪ್ರತಿ ತಿಂಗಳೂ ದಾಸ್ತಾನು ಪಟ್ಟಿ ಸಲ್ಲಿಸಬೇಕಷ್ಟೆ. ದಾಸ್ತಾನು ಕಡಿಮೆ ತೋರಿಸಿದರೆ ಹಣ ತೆಗೆಯುವ ಮಿತಿ ಅಷ್ಟರಮಟ್ಟಿಗೆ ಇಳಿಯುತ್ತದೆ. ವ್ಯಾಪಾರ ಸೊರಗಿದ ತಿಂಗಳಲ್ಲಿ, ಅಂದರೆ ಹಣ ಅತ್ಯಗತ್ಯವಾದ ತಿಂಗಳಲ್ಲಿ, ನಿಜ ಹೇಳಿದವನಿಗೆ ಹಣ ಕಡಿಮೆ ಸಿಗುತ್ತದೆ. ಇದರಿಂದ ದಾಸ್ತಾನು ಪಟ್ಟಿಗಳಿಗೆ ಏನಾಗುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ತಂತ್ರಾಂಶ ತಂಡದ ವಾರದ ವರದಿಯೂ ಒಂದು ದಾಸ್ತಾನು ಪಟ್ಟಿಯೇ. ಕೆಲಸ ಹಿಂದೆ ಬಿದ್ದಿದೆ ಎಂದು ಬರೆದವನನ್ನು ಸಭೆಯಲ್ಲಿ ನಿಲ್ಲಿಸಿ ಬೈದರೆ, ಅವನ ಕಂತು ತಡೆದರೆ, ಮುಂದಿನ ವಾರದಿಂದ ವರದಿಯ ಬಣ್ಣ ಬದಲಾಗುತ್ತದೆ. ಆ ಕ್ಷೇತ್ರದವರೇ ಇಂಥ ವರದಿಗೆ ಕಲ್ಲಂಗಡಿ ಎಂದು ಹೆಸರಿಟ್ಟಿದ್ದಾರೆ. ಕೆಲಸ ಸುಸೂತ್ರವೆಂಬುದಕ್ಕೆ ಹಸಿರು ಗುರುತು, ಅಪಾಯಕ್ಕೆ ಕೆಂಪು ಗುರುತು. ವರದಿ ಹೊರಗೆ ಹಸಿರು, ಕೊಯ್ದು ನೋಡಿದರೆ ಒಳಗೆ ಕೆಂಪು.

ತಂತ್ರಾಂಶದಲ್ಲಿ ಈ ರೋಗ ಉಳಿದ ಉದ್ಯಮಗಳಿಗಿಂತ ಹೆಚ್ಚಾಗಿರಲು ಇನ್ನೊಂದು ಕಾರಣವಿದೆ. ಗೌರಿಬಿದನೂರಿನ ಉಡುಪು ಘಟಕದಲ್ಲಿ ಮಾಲೀಕನು ಸಾಲಿನುದ್ದಕ್ಕೂ ಒಮ್ಮೆ ನಡೆದರೆ ಸಾಕು: ಕತ್ತರಿಸಿದ್ದು ಎಷ್ಟು, ಹೊಲಿದದ್ದು ಎಷ್ಟು, ಇಸ್ತ್ರಿಗೆ ಹೋದದ್ದು ಎಷ್ಟು ಎಂದು ಎಣಿಸಿಬಿಡಬಹುದು. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಕ್ರೇಟುಗಳು ಕಣ್ಣೆದುರಿಗೇ ಇರುತ್ತವೆ. ತಂತ್ರಾಂಶದಲ್ಲಿ ಅರ್ಧ ತಯಾರಾದ ಸರಕು ಕಣ್ಣಿಗೆ ಕಾಣುವುದಿಲ್ಲ, ತೂಕಕ್ಕೂ ಸಿಗುವುದಿಲ್ಲ. ಶೇಕಡಾ 90ರಷ್ಟು ಮುಗಿದಿದೆ ಎಂಬ ಮಾತೊಂದೇ ಆಧಾರ. ಗುತ್ತಿಗೆ ಕಾಮಗಾರಿಯ ಲೆಕ್ಕ ಬರೆಯುವಾಗ ಪೂರ್ಣಗೊಂಡ ಪ್ರಮಾಣವನ್ನು ವಿಶ್ವಾಸಾರ್ಹವಾಗಿ ಅಳೆಯಲು ಬಂದರೆ ಮಾತ್ರ ಲಾಭವನ್ನು ತೋರಿಸಬೇಕೆಂದೂ, ನಷ್ಟದ ನಿರೀಕ್ಷೆಯಿದ್ದರೆ ಅದನ್ನು ಕೂಡಲೇ ಪೂರ್ತಿಯಾಗಿ ಬರೆಯಬೇಕೆಂದೂ ಲೆಕ್ಕಪತ್ರ ಮಾನಕ 7 ವಿಧಿಸುತ್ತದೆ. ತಂತ್ರಾಂಶ ತಂಡಗಳ ವಾಡಿಕೆ ಇದಕ್ಕೆ ತದ್ವಿರುದ್ಧ: ಲಾಭ ಮೊದಲು, ನಷ್ಟ ಕಡೆಯ ವಾರದಲ್ಲಿ.

ಐಬಿಎಂ ಸಂಸ್ಥೆಯಲ್ಲಿ ದೊಡ್ಡ ತಂತ್ರಾಂಶ ಯೋಜನೆಯೊಂದರ ಹೊಣೆ ಹೊತ್ತಿದ್ದ ಫ್ರೆಡರಿಕ್ ಬ್ರೂಕ್ಸ್ ಅವರು 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಸಮಸ್ಯೆಯ ಬೇರನ್ನು ಗುರುತಿಸಿದ್ದಾರೆ. ವಿಳಂಬವಾದ ಕೆಲಸಕ್ಕೆ ಹೊಸದಾಗಿ ಜನರನ್ನು ಸೇರಿಸಿದರೆ ಅದು ಇನ್ನಷ್ಟು ವಿಳಂಬವಾಗುತ್ತದೆ ಎಂಬ ಅವರ ಅಭಿಪ್ರಾಯ ಪ್ರಸಿದ್ಧವಾಗಿದೆ. 750 ಮಂದಿಯ ಸಂಖ್ಯೆ ಕೇಳಿದಾಗ ಅದು ನೆನಪಾಗದಿರದು. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಮಾತು ಇಲ್ಲಿ ಹೆಚ್ಚು ಪ್ರಸ್ತುತ. ಸ್ಥಿತಿಗತಿ ಕೇಳುವ ಸಭೆಯೇ ಬೇರೆ, ಕ್ರಮ ಕೈಗೊಳ್ಳುವ ಸಭೆಯೇ ಬೇರೆ ಇರಬೇಕು. ಕೆಳಗಿನವನು ತಾನೇ ಪರಿಹರಿಸಬಲ್ಲ ತೊಡಕನ್ನು ಕೇಳಿದೊಡನೆ ಮೇಲಧಿಕಾರಿ ಕೈಹಾಕಿದರೆ, ಆ ಕೆಳಗಿನವನು ಮತ್ತೆಂದೂ ನಿಜವನ್ನು ಪೂರ್ತಿಯಾಗಿ ಹೇಳುವುದಿಲ್ಲ ಎಂಬುದು ಅವರ ತಾತ್ಪರ್ಯ. ಪಾರದರ್ಶಕತೆ ತಂಡವನ್ನು ಉಳಿಸುತ್ತದೋ ಕೆಡಿಸುತ್ತದೋ ಎಂಬುದು ಹೇಳುವವನ ಪ್ರಾಮಾಣಿಕತೆಗಿಂತ ಹೆಚ್ಚಾಗಿ ಕೇಳುವವನ ನಡವಳಿಕೆಯ ಮೇಲೆ ನಿಂತಿದೆ.

ಇನ್ಫೋಸಿಸ್ ಪ್ರಕರಣಕ್ಕೆ ಶಿಡ್ಲಘಟ್ಟದ ನಂಟೂ ಉಂಟು. ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರಾದ ಎನ್. ಆರ್. ನಾರಾಯಣಮೂರ್ತಿ ಅವರು 1946ರಲ್ಲಿ ಜನಿಸಿದ್ದು ಅಲ್ಲಿಯೇ. ಸಂದೇಹವಿದ್ದಾಗ ಬಹಿರಂಗಪಡಿಸಬೇಕು ಎಂಬುದು ಅವರು ಸಂಸ್ಥೆಗೆ ಹಾಕಿಕೊಟ್ಟ ನೀತಿ. 1999ರಲ್ಲಿ ಅಮೆರಿಕದ ನಾಸ್‌ಡಾಕ್ ಷೇರುಪೇಟೆಯಲ್ಲಿ ನೋಂದಣಿಯಾದ ಮೊದಲ ಭಾರತೀಯ ಸಂಸ್ಥೆ ಎನಿಸಿಕೊಳ್ಳುವುದಕ್ಕೆ ಈ ತೆರೆದ ಲೆಕ್ಕದ ರೂಢಿ ನೆರವಾಯಿತೆನ್ನಬೇಕು. ಷೇರುದಾರರಿಗೆ ದೊರೆತ ಆ ಬಿಚ್ಚುಮಾತು ಸರ್ಕಾರಿ ಜಾಲತಾಣಗಳ ಬಳಕೆದಾರರಿಗೆ ಅದೇ ಪ್ರಮಾಣದಲ್ಲಿ ಏಕೆ ದೊರೆಯಲಿಲ್ಲ? ಗುತ್ತಿಗೆ ಕೆಲಸದಲ್ಲಿ ಸ್ಥಿತಿಗತಿಯನ್ನು ಪ್ರಕಟಿಸುವ ಹಕ್ಕು ಸಾಮಾನ್ಯವಾಗಿ ಕೆಲಸ ಮಾಡುವವನದಲ್ಲ, ಕೊಟ್ಟವನದು. ಕೊಟ್ಟವನು ಸರ್ಕಾರವಾದಾಗ ತೊಡಕೆಂಬ ಮಾತೇ ರಾಜಕೀಯವಾಗುತ್ತದೆ.

ಸರಕು ಮತ್ತು ಸೇವಾ ತೆರಿಗೆಯ ಜಾಲದ ಕಥೆ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 2015ರಲ್ಲಿ ಸುಮಾರು 1,380 ಕೋಟಿ ರೂಪಾಯಿಗಳ ಈ ಗುತ್ತಿಗೆ ಇನ್ಫೋಸಿಸ್ ಪಾಲಿಗೆ ಬಂತು. 2017ರ ಜುಲೈ 1ರಂದು ತೆರಿಗೆ ಜಾರಿಯಾಯಿತು. ಸೆಪ್ಟೆಂಬರ್ ವೇಳೆಗೆ ತಾಂತ್ರಿಕ ತೊಡಕುಗಳ ಪರಿಶೀಲನೆಗಾಗಿ ಬಿಹಾರದ ಅಂದಿನ ಉಪಮುಖ್ಯಮಂತ್ರಿ ಸುಶೀಲ್ ಮೋದಿ ಅವರ ನೇತೃತ್ವದಲ್ಲಿ ಸಚಿವರ ಸಮಿತಿ ರಚನೆಯಾಗಿ, ಬೆಂಗಳೂರಿನಲ್ಲಿ ಸಭೆ ಸೇರಿತು. ಕರ್ನಾಟಕದಿಂದ ಕೃಷ್ಣ ಬೈರೇಗೌಡರು ಅದರ ಸದಸ್ಯರಾಗಿದ್ದರು. ತಂಡದ ಪರವಾಗಿ ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಕಾನೂನೇ ಅಂದು ಜ್ವರಕ್ಕೆ ಕೂತಿತ್ತು. ಮೂಲ ಯೋಜನೆಯ ಎರಡು ಮತ್ತು ಮೂರನೆಯ ರಿಟರ್ನ್ ನಮೂನೆಗಳನ್ನು ಮಂಡಳಿಯು ಅದೇ ನವೆಂಬರಿನಲ್ಲಿ ಅಮಾನತಿನಲ್ಲಿಟ್ಟಿತು; ಅವು ಮತ್ತೆ ಬಳಕೆಗೆ ಬರಲೇ ಇಲ್ಲ. ತಾನು ಇನ್ನೂ ಏನನ್ನು ತೀರ್ಮಾನಿಸಿಲ್ಲ ಎಂಬುದನ್ನು ತಿಳಿಸದ ಗ್ರಾಹಕನೂ ಮುಚ್ಚುಮರೆಯ ಪಾಲುದಾರನೇ.

2020ರ ಮಾರ್ಚ್ 14ರಂದು ನಡೆದ ಮಂಡಳಿಯ 39ನೆಯ ಸಭೆಯಲ್ಲಿ ನಂದನ್ ನಿಲೇಕಣಿ ಅವರೇ ಬಂದು ಪರಿಸ್ಥಿತಿಯನ್ನು ವಿವರಿಸಿದರು. ಒಮ್ಮೆಗೆ ಒಂದೂವರೆ ಲಕ್ಷ ಮಂದಿಯನ್ನು ನಿಭಾಯಿಸುತ್ತಿದ್ದ ವ್ಯವಸ್ಥೆಯನ್ನು ಮೂರು ಲಕ್ಷಕ್ಕೆ ಏರಿಸುವುದು, ಸುಧಾರಣೆಗಳನ್ನು 2021ರ ಜನವರಿಯ ಬದಲು 2020ರ ಜುಲೈ ಒಳಗೇ ಮುಗಿಸುವುದು, ಮುಂದಿನ ಮೂರು ಸಭೆಗಳಿಗೆ ಅವರೇ ಬಂದು ಪ್ರಗತಿಯನ್ನು ತಿಳಿಸುವುದು ಎಂದು ತೀರ್ಮಾನವಾಗಿ, ಅದೆಲ್ಲ ಪ್ರಕಟವೂ ಆಯಿತು. ಎಷ್ಟಿತ್ತು, ಎಷ್ಟಾಗಬೇಕು, ಯಾವ ದಿನಾಂಕಕ್ಕೆ, ಯಾರು ಬಂದು ಹೇಳಬೇಕು ಎಂಬ ನಾಲ್ಕೂ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿತ್ತು. ತೆರಿಗೆ ಜಾರಿಗೆ ಬಂದು ಎರಡೂವರೆ ವರ್ಷ ಮೀರಿದ ಮೇಲೆ ಬಂದ ಈ ಕ್ರಮ 2017ರ ಜುಲೈ ತಿಂಗಳಿಗೇ ಬೇಕಾಗಿತ್ತು.

ಈ ನಡುವಣ ಮೌನದ ಬೆಲೆಯನ್ನು ತೆತ್ತವರು ಯಾರು? ಹಳೆಯ ಮೌಲ್ಯವರ್ಧಿತ ತೆರಿಗೆಯಲ್ಲಿ ಉಳಿದಿದ್ದ ಜಮೆಯನ್ನು ಹೊಸ ವ್ಯವಸ್ಥೆಗೆ ತರಲು ಟ್ರಾನ್-1 ಎಂಬ ನಮೂನೆ ಸಲ್ಲಿಸಬೇಕಿತ್ತು. ಜಾಲತಾಣದ ತೊಡಕಿನಿಂದ ಗಡುವಿನೊಳಗೆ ಸಲ್ಲಿಸಲಾಗದೆ ಹೋದ ವರ್ತಕರ ಸಂಖ್ಯೆ ದೇಶದಲ್ಲಿ ದೊಡ್ಡದಿತ್ತು. 2018ರಲ್ಲಿ ಅವರಿಗಾಗಿ ಕುಂದುಕೊರತೆ ಸಮಿತಿಯೇನೋ ಬಂತು. ಆದರೆ ತಾನು ಪ್ರಯತ್ನಿಸಿದ್ದೆ, ಜಾಲತಾಣವೇ ಕೈಕೊಟ್ಟಿತು ಎಂಬುದನ್ನು ರುಜುವಾತುಪಡಿಸುವ ಹೊರೆ ವರ್ತಕನ ಮೇಲೆ ಬಿತ್ತು. ಅವನ ಬಳಿ ಇದ್ದುದು ಪರದೆಯ ಛಾಯಾಚಿತ್ರ. ತೀರ್ಮಾನಕ್ಕೆ ಆಧಾರವಾದದ್ದು ವ್ಯವಸ್ಥೆಯ ಒಳಗಿನ ದಾಖಲೆ, ಅದು ಅವನ ಕೈಗೆ ಎಟುಕದು. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಸೇವೆ ಕೆಟ್ಟಿತ್ತು ಎಂಬ ದಿನಚರಿಯನ್ನು ಅಂದಂದೇ ಪ್ರಕಟಿಸುತ್ತ ಬಂದಿದ್ದರೆ ಈ ವ್ಯಾಜ್ಯಗಳಲ್ಲಿ ಹಲವು ಹುಟ್ಟುತ್ತಲೇ ಇರಲಿಲ್ಲ. ಉಚ್ಚ ನ್ಯಾಯಾಲಯಗಳನ್ನು ದಾಟಿ ವಿಷಯ ಸರ್ವೋಚ್ಚ ನ್ಯಾಯಾಲಯ ತಲಪಿ, 2022ರ ಜುಲೈ 22ರ ಆದೇಶದ ಮೇರೆಗೆ ಆ ವರ್ಷದ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ನಮೂನೆಗೆ ಮತ್ತೆ ಬಾಗಿಲು ತೆರೆಯಿತು. ಐದು ವರ್ಷ ದುಡಿಯುವ ಬಂಡವಾಳದಿಂದ ಹೊರಗೆ ನಿಂತ ಹಣಕ್ಕೆ ಸಣ್ಣ ವ್ಯಾಪಾರಿ ಕಟ್ಟಿದ ಬ್ಯಾಂಕ್ ಬಡ್ಡಿಯನ್ನು ಯಾವ ನಮೂನೆಯಲ್ಲೂ ತುಂಬಲಾಗಲಿಲ್ಲ.

ಇದಕ್ಕಿಂತ ಘೋರವಾದ ನಿದರ್ಶನ ಇಂಗ್ಲೆಂಡಿನದು. ಅಲ್ಲಿನ ಅಂಚೆ ಕಛೇರಿಗಳ ಲೆಕ್ಕವಿಡಲು ಫುಜಿತ್ಸು ಸಂಸ್ಥೆ ನಿರ್ವಹಿಸುತ್ತಿದ್ದ ಹೊರೈಜನ್ ಎಂಬ ತಂತ್ರಾಂಶವು ಇಲ್ಲದ ಕೊರತೆಯನ್ನು ಲೆಕ್ಕದಲ್ಲಿ ತೋರಿಸುತ್ತಿತ್ತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆ ಮುಖ್ಯಸ್ಥರು, ಬಹುಪಾಲು ಅಂಗಡಿಯ ಜೊತೆಯಲ್ಲಿ ಅಂಚೆ ನಡೆಸುತ್ತಿದ್ದ ಸಣ್ಣ ವ್ಯಾಪಾರಿಗಳು, ಕಳವು ಮತ್ತು ಸುಳ್ಳು ಲೆಕ್ಕದ ಆರೋಪಗಳಲ್ಲಿ ಶಿಕ್ಷೆಗೊಳಗಾದರು. ತಿಳಿದ ದೋಷಗಳ ಪಟ್ಟಿ ತಂತ್ರಾಂಶದವರ ಬಳಿ ಇತ್ತು. ಅದನ್ನು ಪಡೆಯಲು ಅಂಚೆಯವರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2019ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟ್ ದೋಷಗಳಿದ್ದುದನ್ನು ಎತ್ತಿಹಿಡಿಯಿತು. 2024ರಲ್ಲಿ ಸಂಸತ್ತು ವಿಶೇಷ ಕಾಯ್ದೆಯ ಮೂಲಕ ಶಿಕ್ಷೆಗಳನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಹಲವರು ತೀರಿಕೊಂಡಿದ್ದರು. ತಂತ್ರಾಂಶ ತಂಡವು ಮುಚ್ಚಿಟ್ಟ ದೋಷವು ಎಲ್ಲಿಗೂ ಹೋಗುವುದಿಲ್ಲ, ಬಳಕೆದಾರನ ಖಾತೆಯಲ್ಲಿ ಖರ್ಚು ಬೀಳುತ್ತದೆ.

ತೆರೆದಿಟ್ಟವರ ಗತಿ ಏನಾಯಿತೆಂದೂ ನೋಡಬೇಕು. ತಂತ್ರಾಂಶ ಬರೆಯುವವರು ತಮ್ಮ ಬರಹಗಳನ್ನು ಇರಿಸುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ದುರಸ್ತಿಯಲ್ಲಿ ತೊಡಗಿದ್ದ ನೌಕರನೊಬ್ಬ ತಪ್ಪಾದ ಯಂತ್ರದ ದತ್ತಾಂಶವನ್ನು ಅಳಿಸಿಬಿಟ್ಟ. ಪ್ರತಿಗಳನ್ನು ಹುಡುಕಿದರೆ, ಇಟ್ಟುಕೊಂಡಿದ್ದ ಏರ್ಪಾಡುಗಳು ಒಂದರ ಹಿಂದೊಂದು ಕೆಟ್ಟಿರುವುದು ಬಯಲಾಯಿತು. ಸಂಸ್ಥೆಯು ದುರಸ್ತಿಯ ಟಿಪ್ಪಣಿಗಳನ್ನು ಎಲ್ಲರೂ ಓದುವಂತೆ ತೆರೆದಿಟ್ಟಿತು, ಕೆಲಸವನ್ನು ಅಂತರಜಾಲದಲ್ಲಿ ನೇರವಾಗಿ ತೋರಿಸಿತು. ಆರು ಗಂಟೆಗಳ ದತ್ತಾಂಶ ಶಾಶ್ವತವಾಗಿ ಹೋಯಿತು. ಗ್ರಾಹಕರ ನಂಬಿಕೆ ಉಳಿಯಿತು. ವರದಿಯಲ್ಲಿ ಆ ನೌಕರನ ಹೆಸರು ಬರಲಿಲ್ಲ, ತಂಡದ ಸದಸ್ಯನೆಂದಷ್ಟೇ ಇತ್ತು. ತಪ್ಪು ಪೂರ್ತಿ ಬಯಲಿಗೆ ಬಂದಿತು, ತಪ್ಪಿತಸ್ಥನನ್ನು ಬಲಿಕೊಡಲಿಲ್ಲ. ಮುಂದಿನ ತಪ್ಪನ್ನು ಆ ತಂಡದವರು ಬಚ್ಚಿಡದಿರಲು ಇದಕ್ಕಿಂತ ಬೇರೆ ಭರವಸೆ ಬೇಕಿಲ್ಲ.

ಇಷ್ಟು ದೊಡ್ಡ ಪ್ರಕರಣಗಳಿಂದ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಸಣ್ಣ ತಯಾರಕನಿಗೆ ಆಗಬೇಕಾದದ್ದೇನು ಎಂದು ಕೇಳಬಹುದು. ಅವನೂ ಈಗ ತಂತ್ರಾಂಶದ ಗಿರಾಕಿಯೇ. ದಾಸ್ತಾನು, ಬಿಲ್ಲು, ಕೂಲಿ, ಇ-ವೇ ಬಿಲ್ಲುಗಳನ್ನು ಒಂದುಗೂಡಿಸುವ ಕೆಲಸವನ್ನು ಬೆಂಗಳೂರಿನ ನಾಲ್ಕೈದು ಹುಡುಗರ ತಂಡಕ್ಕೆ ಒಪ್ಪಿಸಿರುತ್ತಾನೆ. ಅರ್ಧ ಹಣ ಮುಂಗಡ, ಉಳಿದದ್ದು ಮುಗಿದ ಮೇಲೆ. ಈ ಕರಾರೇ ಮುಚ್ಚುಮರೆಗೆ ಕೊಟ್ಟ ಆಹ್ವಾನ. ಹಣವೆಲ್ಲ ಕಡೆಯಲ್ಲಿರುವುದರಿಂದ ನಡುವೆ ಕೆಟ್ಟ ಸುದ್ದಿ ಹೇಳುವುದರಿಂದ ತಂಡಕ್ಕೆ ನಷ್ಟವೇ ಹೊರತು ಲಾಭವಿಲ್ಲ. ಅದರ ಬದಲು ಕೆಲಸವನ್ನು ಸಣ್ಣ ಕಂತುಗಳಾಗಿ ಒಡೆದು, ಶೇಕಡಾವಾರು ಮಾತಿಗೆ ಬೆಲೆ ಕೊಡದೆ, ಕಳೆದ ತಿಂಗಳ ತನ್ನದೇ ನೂರು ಬಿಲ್ಲುಗಳನ್ನು ತಂತ್ರಾಂಶದಲ್ಲಿ ಓಡಿಸಿ ತೆರಿಗೆ ಮೊತ್ತ ಕೈಲೆಕ್ಕದೊಡನೆ ತಾಳೆಯಾದರೆ ಒಂದು ಕಂತು ಎಂದು ಗೊತ್ತುಮಾಡುವುದು ಲೇಸು. ವಾರಕ್ಕೊಮ್ಮೆ, ಒಂದೇ ದಿನ, ಅರ್ಧ ಗಂಟೆ ಮಾತು. ಉಳಿದ ದಿನಗಳಲ್ಲಿ ದೂರವಾಣಿ ಬೇಡ. ಹಿಂದೆ ಬಿದ್ದಿದ್ದೇವೆ ಎಂದು ಎರಡನೆಯ ವಾರದಲ್ಲಿ ಹೇಳಿದ ತಂಡವನ್ನು ಗದರಿಸುವ ಮಾಲೀಕನು, ಏಪ್ರಿಲ್ 1ರಂದು ಹೊಸ ವರ್ಷದ ಬಿಲ್ಲು ಪುಸ್ತಕ ತೆರೆಯುವ ಬೆಳಗ್ಗೆ ಅದೇ ಸುದ್ದಿಯನ್ನು ಕೇಳಲು ಸಿದ್ಧನಿರಬೇಕು.

ಕಾನೂನೂ ಖರೀದಿದಾರನಿಂದ ಬಿಚ್ಚುಮಾತನ್ನು ಅಪೇಕ್ಷಿಸುತ್ತದೆ ಎಂಬುದನ್ನು ಬಹುಮಂದಿ ಗಮನಿಸಿಲ್ಲ. ತಂತ್ರಾಂಶ ತಂಡವು ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಅಥವಾ ಸಣ್ಣ ಸೇವಾ ಘಟಕವಾಗಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಹಣ ಪಾವತಿಯ ಅವಧಿ ಬರಹದ ಕರಾರು ಇದ್ದರೂ 45 ದಿನ ಮೀರುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ಮೀರಿದರೆ ಬಡ್ಡಿಯ ಜೊತೆಗೆ, 2023ರ ಹಣಕಾಸು ಕಾಯ್ದೆಯಿಂದ ಬಂದ ನಿಯಮದಂತೆ ಆ ಖರ್ಚು ಆದಾಯ ತೆರಿಗೆ ಲೆಕ್ಕದಲ್ಲಿ ಹಣ ಕೊಟ್ಟ ವರ್ಷಕ್ಕೇ ಸಲ್ಲುತ್ತದೆ. ಕೆಲಸ ಸರಿಯಿಲ್ಲವೆಂಬ ತಕರಾರಿದ್ದರೆ ಅದನ್ನು ಒಪ್ಪಿಸಿದ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ದೋಷ ನಿವಾರಣೆಯಾದ ದಿನದಿಂದ ಅವಧಿ ಎಣಿಕೆಯಾಗುತ್ತದೆ. ಫೋನಿನಲ್ಲಿ ಗೊಣಗಿದ್ದು ತಕರಾರಾಗುವುದಿಲ್ಲ. ಆ ಪತ್ರದಲ್ಲಿ ಯಾವ ಬಿಲ್ಲಿನ ಯಾವ ಅಂಕಿ ತಪ್ಪಿದೆ ಎಂಬುದರ ಜೊತೆಗೆ, ಸರಕಿನ ಪಟ್ಟಿ, ತೆರಿಗೆ ದರ, ಹಳೆಯ ಬಾಕಿಗಳಲ್ಲಿ ತನ್ನ ಕಡೆಯಿಂದ ತಂಡಕ್ಕೆ ಇನ್ನೂ ಕೊಡಬೇಕಾಗಿರುವುದು ಯಾವುದು, ಅದನ್ನು ಯಾವ ತಾರೀಖಿಗೆ ಕೊಡಲಾಗುವುದು ಎಂಬುದನ್ನೂ ಖರೀದಿದಾರನು ಬರೆದು, ಪ್ರತಿಯೊಂದನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು.